ಅರಿಸಿನದ ಗುಳಿಗೆ

ಇವತ್ತು ಹೇಳಿಬಿಡಬೇಕು ಎಂದು ಶಂಕ್ರಪ್ಪ ನಿಶ್ಚಯಿಸಿದ್ದು ಹಾಸಿಗೆಯಲ್ಲಿದ್ದಾಗ. ಮುಖ ತೊಳೆದು, ವಿಭೂತಿ ಧರಿಸಿ, ಅಡುಗೆಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಆ ನಿಶ್ಚಯ ಇವತ್ತು ಹೇಳಬಹುದು ಎಂಬಲ್ಲಿಗೆ ಇಳಿದಿತ್ತು. ಒಳಗೆ ಅವನ ಹೆಂಡತಿ ಗಿರಿಜವ್ವ ಗೋದಿಹಿಟ್ಟಿಗೆ ಅರಿಸಿನ ಕಲೆಸಿ, ಪೋಸ್ಟ್ ಆಫೀಸಿನಲ್ಲಿ ಸಿಗುವ ಕ್ವಿನೈನ್ ಪುಡಿಯನ್ನು ಅದರ ನಡುವೆ ಇಟ್ಟು, ಬೆರಳ ತುದಿಯಲ್ಲಿ ಗುಳಿಗೆ ಕಟ್ಟುತ್ತಿದ್ದಳು. ಶಾವಿಗೆ ಹೊಸೆದು ಪಳಗಿದ ಆ ಕೈ ಒಂದನ್ನೂ ದೊಡ್ಡದು ಮಾಡಲಿಲ್ಲ, ಒಂದನ್ನೂ ಚಿಕ್ಕದು ಮಾಡಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ಒಂದು ಸುಳ್ಳಿಗಾಗಿ ನಡೆಯುತ್ತಿದೆಯೆಂಬುದು ಅವನಿಗೆ ಆ ಬೆಳಿಗ್ಗೆ ಸಹಿಸಲಾರದ್ದಾಗಿ ಕಂಡಿತು. ಆದರೂ ಗುಳಿಗೆಗಳು ಒಣಗಲೆಂದು, ಅವನ್ನು ಹರಡಿದ್ದ ಬಾಳೆಯೆಲೆಯ ತುಂಡನ್ನು ತಾನೇ ಕಿಟಕಿಯ ಬಿಸಿಲಿಗೆ ಸರಿಸಿದ.

"ಕೈಗೆ ಹತ್ತಿದ ಬಣ್ಣಾನೂ ಹೋಗವಲ್ದು, ಕಹೀನೂ ಹೋಗವಲ್ದು," ಎಂದಳು ಗಿರಿಜವ್ವ. "ನಿನ್ನೆ ನೀವ ಅಂದ್ರಿ, ರೊಟ್ಟಿ ಕಹಿ ಆಗ್ಯಾವ ಅಂತ. ನಿಮ್ಮ ಜರ್ಮನಿ ಔಷಧ ನಮ್ಮ ಹಿಟ್ಟು ನಾದೂ ಪರಾತದಾಗ ಬಂದು ಕುಂತೈತಿ."

"ಹಯಾತನ ಬಸ್ಸು ಬಂದ ಕೂಡ್ಲೆ ಅವಗ ಇವತ್ತ ಹೇಳ್ತೀನಿ."

"ಹೋದ ವಾರಾನೂ ಹೇಳಾವ್ರಿದ್ರಿ."

"ಹೋದ ವಾರ ಚಾಂದ್ ಪಾಷಾ ಅಲ್ಲೇ ಕುಂತಿದ್ರು."

"ಇವತ್ತ ಅವ್ರು ಎಲ್ಲಿ ಹೋಗ್ತಾರ? ಮೋಟಾರ್ ಆಫೀಸ ಅವ್ರದು." ಅವಳು ತಲೆ ಎತ್ತಲಿಲ್ಲ. "ಪೇಪರ್ ಓದಾಕ ಪೇಟಿಗೆಲ್ಲಾ ಕೇಳೂ ದನಿ ಐತಿ ನಿಮಗ. ಖರೇ ಹೇಳೂ ಹೊತ್ತಿಗೆ ಗಂಟಲ ಕಟ್ತೈತಿ."

ಪೊಟ್ಟಣವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಅವನು ಹೊರಟ. ನಡೆಯುವಾಗ ಅದು ಎದೆಗೆ ತಾಗುತ್ತಿರಲಿಲ್ಲ, ತಾಗುತ್ತಿದೆಯೆಂದು ಅನ್ನಿಸುತ್ತಿತ್ತು. ಯುಗಾದಿ ಕಳೆದ ಬಿಸಿಲು. ಶಿರಸಿಯ ಪೇಟೆಬೀದಿಯ ಕೆಂಪು ಧೂಳು ಅಂಗಡಿಗಳ ಹಲಗೆಗಳ ಮೇಲೆ, ಬೆಲ್ಲದ ಪೆಂಟೆಗಳ ಮೇಲೆ, ದವಾಖಾನೆಯ ಎದುರು ಕಾದು ಕುಳಿತ ಹೆಂಗಸರ ಸೆರಗಿನ ಮೇಲೆ ಒಂದೇ ಸಮನಾಗಿ ಕೂತಿತ್ತು. ದವಾಖಾನೆಯ ಜಗುಲಿಯಲ್ಲಿ ಸಿಡುಬಿಗೆ ದೇವಿ ಹಾಕುವವನು ಪೆಟ್ಟಿಗೆ ತೆರೆದಿದ್ದ. ತೋಳು ಬಿಚ್ಚಿದ ಮಕ್ಕಳು ಅವನ ಮುಂದೆ ಸಾಲಾಗಿ ನಿಂತಿದ್ದವು. ಶಂಕ್ರಪ್ಪ ಮುಖ ತಿರುಗಿಸಿದ. ಚಿಕ್ಕಂದಿನಲ್ಲಿ ಬನವಾಸಿಯಲ್ಲಿ, ಹೀಗೆಯೇ ಒಬ್ಬ ಸರಕಾರಿ ಮನುಷ್ಯ ಪೆಟ್ಟಿಗೆ ಹಿಡಿದು ಬಂದಾಗ, ಅಜ್ಜಿ ಅವನನ್ನು ಭತ್ತದ ಕಣಜದೊಳಗೆ ಇಳಿಸಿ, ಹುಡುಗ ಸೋದರಮಾವನ ಊರಿಗೆ ಹೋಗಿದ್ದಾನೆಂದು ಹೇಳಿ ಕಳಿಸಿದ್ದಳು. ಹೊಟ್ಟಿನ ವಾಸನೆಯ ಆ ಕತ್ತಲೆಯಲ್ಲಿ ಮೊಣಕಾಲು ಅಪ್ಪಿ ಕುಳಿತು ತಾನು ಗೆದ್ದೆನೆಂದು ಅವನು ತಿಳಿದಿದ್ದ. ಈಗ ಊರಿಗೆಲ್ಲ ವಿಜ್ಞಾನ ಓದಿ ಹೇಳುವ ಮನುಷ್ಯನ ತೋಳಿನಲ್ಲಿ ದೇವಿಯ ಕಲೆಯೊಂದೂ ಇಲ್ಲ. ಸಿಡುಬಿನ ವಿಷಯ ಪೇಪರಿನಲ್ಲಿ ಬಂದ ದಿನ ಮೋಟಾರ್ ಆಫೀಸಿನ ಬೆಂಚಿನವರೆಲ್ಲ ಅಂಗಿಯ ತೋಳು ಮೇಲೇರಿಸಿ ತಮ್ಮ ತಮ್ಮ ಕಲೆ ತೋರಿಸಿಕೊಂಡಿದ್ದರು. ಹಯಾತನದು ಹುಣಸೆಬೀಜದಷ್ಟು ದೊಡ್ಡದು. ಶಂಕ್ರಪ್ಪನೊಬ್ಬ ಸೆಖೆಯಲ್ಲೂ ಕೋಟು ಬಿಚ್ಚದೆ ಓದುತ್ತಲೇ ಇದ್ದ. ಯಾರೂ ಕೇಳಲಿಲ್ಲ. ಕೇಳದಿರುವುದು ಅವರ ನಂಬಿಕೆ ಎಂಬುದು ಅವನಿಗೆ ಆಗಲೂ ಗೊತ್ತಿತ್ತು.

ಅವನ ಚಿಮಣಿ ಎಣ್ಣೆಯ ಅಂಗಡಿ ಪೇಟೆಯ ನಡುವೆಯೇ ಇತ್ತು. ಗ್ಯಾಸ್‌ಬತ್ತಿಯ ರಿಪೇರಿಯನ್ನೂ ಮಾಡುತ್ತಿದ್ದ. ಆದರೆ ಪೇಟೆ ಅವನನ್ನು ಗುರುತಿಸುತ್ತಿದ್ದುದು ಪೇಪರ್ ಶಂಕ್ರಪ್ಪನೆಂದು. ಹುಬ್ಬಳ್ಳಿಯ ಪೇಪರು ಯಲ್ಲಾಪುರದವರೆಗೆ ಒಂದು ಬಸ್ಸಿನಲ್ಲಿ, ಅಲ್ಲಿಂದ ಶಿರಸಿಗೆ ಹಯಾತ್ ನಡೆಸುವ ಬಸ್ಸಿನಲ್ಲಿ ಬರುತ್ತಿತ್ತು. ಅದನ್ನು ಚಾಂದ್ ಪಾಷಾ ಸಾಹೇಬರ ಮೋಟಾರ್ ಆಫೀಸಿನ ಮುಂದಿನ ಬೆಂಚಿನ ಮೇಲೆ ಕುಳಿತು ಶಂಕ್ರಪ್ಪ ಗಟ್ಟಿಯಾಗಿ ಓದಬೇಕು. ಬಸ್ಸಿಗೆ ಕಾಯುವವರೂ, ಯಾವ ಬಸ್ಸಿಗೂ ಕಾಯದವರೂ ಕೇಳಬೇಕು. ಯುದ್ಧ, ಅಡಿಕೆಯ ಧಾರಣೆ, ಮುಂಬಯಿಯ ರಾಜಕಾರಣ ಇವೆಲ್ಲ ಆಮೇಲೆ. ಮೊದಲು ಅವನು ಹುಡುಕುತ್ತಿದ್ದುದು ಯಂತ್ರಗಳನ್ನು, ಔಷಧಗಳನ್ನು, ಯಾವ ಊರಿಗೆ ಆಸ್ಪತ್ರೆ ಸಿಕ್ಕಿತು ಯಾವುದಕ್ಕೆ ಸಿಗಲಿಲ್ಲ ಎಂಬ ವಾದವಿವಾದಗಳನ್ನು. ಓದುವಾಗ ಅವನ ದನಿ ತನ್ನದಾಗಿರುತ್ತಿರಲಿಲ್ಲ. ಅಚ್ಚಾದ ಮಾತಿಗೆ ಹೊಣೆ ಅಚ್ಚು ಹಾಕಿದವನು. ಓದುವವನು ಬರಿಯ ದಾರಿ. ಈ ಹಗುರತನವೇ ತನ್ನ ಧೈರ್ಯವಾಗಿತ್ತೇ ಎಂದು ಈಚೆಗೆ ಅವನು ತನ್ನನ್ನು ಕೇಳಿಕೊಳ್ಳತೊಡಗಿದ್ದ. ತನ್ನ ಸ್ವಂತ ದನಿಯಲ್ಲಿ ಅವನು ಒಮ್ಮೆ ಮಾತ್ರ ಮಾತಾಡಿದ್ದ. ಚಕ್ರವರ್ತಿಯ ಜ್ಯುಬಿಲಿಯ ವರ್ಷ, ಎಲುಬಿನ ಚಿತ್ರ ತೆಗೆಯುವ ಯಂತ್ರ ಶಿರಸಿಗೂ ಬೇಕೆಂದು ಅರ್ಜಿ ಬರೆದು, ಬೆಂಚಿನವರ ರುಜು ಹಾಕಿಸಿ, ದವಾಖಾನೆಯ ಡಾಕ್ಟರರ ಮೇಜಿನ ಮೇಲಿಟ್ಟಾಗ ಅವರು ಕನ್ನಡಕ ತೆಗೆದು, "ಯಂತ್ರ ತರಿಸೋಣ ಶಂಕ್ರಪ್ಪನವರೇ, ಕರೆಂಟು ನಿಮ್ಮ ಚಿಮಣಿ ಎಣ್ಣೆಯಿಂದ ತೆಗೆಯೋಣವೇ?" ಎಂದಿದ್ದರು. ಕಂಪೌಂಡರನೂ ನಕ್ಕ, ಕಾಯುತ್ತಿದ್ದ ರೋಗಿಗಳೂ ನಕ್ಕರು. ಊರಿನಲ್ಲಿ ವಿದ್ಯುತ್ತೇ ಇಲ್ಲವೆಂಬುದು ದೀಪದ ಎಣ್ಣೆ ಮಾರಿ ಬದುಕುವ ತನಗೆ ಹೊಳೆಯದೆ ಹೋದದ್ದು ಹೇಗೆ ಎಂಬ ಪ್ರಶ್ನೆಗೆ ಅವನು ಇಂದಿಗೂ ಉತ್ತರ ಕಂಡಿರಲಿಲ್ಲ. ಆ ನಗುವನ್ನು ಮಾತ್ರ ಯಾವ ಹೊತ್ತಿನಲ್ಲಾದರೂ ಇದ್ದದ್ದು ಇದ್ದಂತೆ ಕೇಳಿಸಿಕೊಳ್ಳಬಲ್ಲವನಾಗಿದ್ದ.

ಹಳದಿ ಗುಳಿಗೆಯ ಸುದ್ದಿ ಓದಿದ್ದು ಆಮೇಲಿನ ಚಳಿಗಾಲದಲ್ಲಿ. ಜರ್ಮನಿಯವರು ಚಳಿಜ್ವರಕ್ಕೆ ಹೊಸ ಗುಳಿಗೆ ಕಂಡುಹಿಡಿದಿದ್ದಾರೆ. ಮೈ ಸ್ವಲ್ಪ ಹಳದಿಯಾಗುತ್ತದೆ, ಆದರೆ ಕ್ವಿನೈನ್ ತಿಂದಾಗ ಕಿವಿ ಮೊರೆಯುವಂತೆ ಇದರಲ್ಲಿ ಮೊರೆಯುವುದಿಲ್ಲ. ಆ ಕೊನೆಯ ವಾಕ್ಯಕ್ಕೆ ಬೆಂಚು ಎದ್ದು ಕುಳಿತಿತು. ಮೋಟಾರಿನವರ ಸಂಕಟ ಬೇರೆಯವರಿಗೆ ತಿಳಿಯುವಂಥದಲ್ಲ. ಕಾಡಿನ ರಸ್ತೆಯಲ್ಲಿ ಡ್ರೈವರನಿಗೆ ಕಣ್ಣಿಗಿಂತ ಕಿವಿಯೇ ಮುಂದೆ ಹೋಗಬೇಕು. ತಿರುವಿನಾಚೆಯ ಗಾಡಿಯ ಗಂಟೆ, ಎದುರು ಬಸ್ಸಿನ ಹಾರ್ನು, ಎಂಜಿನ್ನಿನ ಒಂದು ತಪ್ಪು ಉಸಿರು ಎಲ್ಲವೂ ಮೊದಲು ಕಿವಿಗೆ ಬರತಕ್ಕವು. ಕ್ವಿನೈನ್ ತಿಂದರೆ ಕಿವಿಯಲ್ಲಿ ಜೇನುಗೂಡು. ಅದಕ್ಕೇ ಅವರು ಜ್ವರ ಬಂದರೂ ಕ್ವಿನೈನ್ ಮುಟ್ಟದೆ ಕಂಬಳಿ ಹೊದ್ದು ಗಾಡಿ ನಡೆಸುತ್ತಿದ್ದರು. "ಇನ್ನೊಂದ್ಸಲ ಓದ್ರಿ ಅಣ್ಣಾ," ಎಂದಿದ್ದ ಹಯಾತ್. ಶಂಕ್ರಪ್ಪ ಇನ್ನೊಮ್ಮೆ ಓದಿದ. ಆಮೇಲೆ, ಪೇಪರು ಮಡಿಸಿದ ಮೇಲೆ, ಅಲ್ಲಿ ಅಚ್ಚಾಗದಿದ್ದ ಒಂದು ಮಾತನ್ನು ಸೇರಿಸಿದ: "ಮುಂದಿನ ಬ್ಯಾಸಗಿಯೊಳಗ ನಮ್ಮ ಊರಿಗೂ ಬರ್ತೈತಿ. ಅಲ್ಲೀತನಕ ಆ ಹಳೇ ವಿಷ ಯಾಕ ನುಂಗ್ತೀರಿ?"

ಆ ಬೇಸಗೆ ಬಂತು, ಜ್ವರ ಬಂತು, ಗುಳಿಗೆ ಬರಲಿಲ್ಲ. ಶಿವರಾತ್ರಿ ಕಳೆದೊಡನೆ ಹಯಾತ್ ಮಲಗಿದ. ಶಂಕ್ರಪ್ಪ ನೋಡಲು ಹೋದಾಗ ಎರಡು ಕಂಬಳಿಗಳ ಕೆಳಗೆ ಮಂಚವೇ ನಡುಗುತ್ತಿತ್ತು. ಬಾಗಿಲ ಪರದೆಯ ಹಿಂದಿನಿಂದ ಹಯಾತನ ಹೆಂಡತಿ ಸಕೀನಾ ಮಾತಾಡಿದಳು. "ಭಾಯಿ, ಪೋಸ್ಟಿನ ಪುಡಿ ತಂದಿಟ್ಟೀನಿ. ಮುಟ್ಟೋದಿಲ್ಲ ಅಂತಾರೆ. ಶಂಕ್ರಪ್ಪಣ್ಣ ಓದಿದಾರೆ, ಹಳದಿ ಗುಳಿಗೆ ಬರ್ತದೆ, ಅದೇ ತಗೋತೀನಿ ಅಂತ ಒಂದೇ ಹಟ. ಯಾವಾಗ ಬರ್ತದೆ ಭಾಯಿ ಅದು?" ಪರದೆಯ ಅಂಚನ್ನು ಹಿಡಿದ ಬೆರಳುಗಳಷ್ಟೇ ಅವನಿಗೆ ಕಾಣುತ್ತಿದ್ದವು. ನಾನು ಸೇರಿಸಿದ ಮಾತು ಅದು, ಪೇಪರಿನದಲ್ಲ. ಮೊದಲು ಈ ಪುಡಿ ನುಂಗು, ಕಿವಿ ಆಮೇಲೆ ನೋಡೋಣ ಎಂದು ಹೇಳಬಹುದಿತ್ತು. ಹೇಳಿದ್ದರೆ ಹಯಾತ್ ಕೇಳುತ್ತಿದ್ದ; ಸ್ವಲ್ಪ ನಗುತ್ತಿದ್ದನೋ ಏನೋ. ಡಾಕ್ಟರರ ಕೋಣೆಯ ಆ ನಗು ಶಂಕ್ರಪ್ಪನ ಕಿವಿಯ ಹತ್ತಿರ ಬಂದು ನಿಂತಿತು. "ಬಂದೈತಿ," ಎಂದ ಅವನು, ಓದುವ ದನಿಯಲ್ಲಿ. "ಮುಂಬಯಿಯ ಪರಿಚಯದವ್ರು ಕಳಿಸ್ಯಾರ. ಮುಂಜಾನೆ ತರ್ತೀನಿ." ಪರದೆಯ ಅಂಚನ್ನು ಹಿಡಿದ ಬೆರಳುಗಳು ಸಡಿಲವಾದವು.

ಹಯಾತ್ ಗುಳಿಗೆ ನುಂಗಿ ಮುಖ ಸಿಂಡರಿಸಿ, "ಕಹಿ ಮಾತ್ರ ಅದೇ ಅದೆಯಲ್ಲ ಅಣ್ಣಾ," ಎಂದಿದ್ದ. ಜ್ವರದ ಔಷಧವೆಲ್ಲ ಕಹಿಯೇ ಎಂದು ಶಂಕ್ರಪ್ಪ ಹೇಳಿದ. ಜ್ವರ ಬಿಟ್ಟಿತು. ಆದರೆ ಬಿಟ್ಟ ಜ್ವರ ತಿರುಗಿ ಬರದಂತೆ ಬೇಸಗೆ ಮುಗಿಯುವತನಕ ದಿನವೂ ಗುಳಿಗೆ ಬೇಕು, ಮತ್ತು ಗುಳಿಗೆ ನುಂಗಿದಷ್ಟು ದಿನವೂ ಕಿವಿ ಮೊರೆಯುತ್ತದೆ. ಶಾಲೆಯಲ್ಲಿ ತ್ರೈರಾಶಿ ಮಾಡಿದ ಯಾರಿಗೂ ತಿಳಿಯಬೇಕಾದ ಲೆಕ್ಕ ಅದು. ಅವನು ಅದನ್ನು ಮಾಡಿರಲಿಲ್ಲ. ಶಿರಸಿಯ ಪೋಸ್ಟ್ ಮಾಸ್ತರರು ನಿಮ್ಮ ಮನೆಯಲ್ಲಿ ಯಾರಿಗೆ ಜ್ವರ ಎಂದು ಕೇಳಿಯಾರೆಂದು ಹೆದರಿ, ಎಣ್ಣೆಯ ವಸೂಲಿಯ ನೆಪದಲ್ಲಿ ವಾರವಾರ ಸಿದ್ದಾಪುರಕ್ಕೆ ಹೋಗಿ ಅಲ್ಲಿ ಕ್ವಿನೈನ್ ಕೊಂಡು ತಂದ. ಹೋಗುವ ದಾರಿಯಲ್ಲಿ ಕೋಲಸಿರ್ಸಿಯ ಗದ್ದೆಗಳು ಕಟಾವಾಗಿ ಬರಿದಾಗಿದ್ದವು. ಪರಿಚಯದವರು ಬಸ್ಸು ಹತ್ತಿ, "ಏನು ಶಂಕ್ರಪ್ಪನವರೇ, ಇತ್ತ?" ಎಂದರೆ ಅವನ ಕೈ ತಾನಾಗಿ ಒಳಜೇಬಿನ ಮೇಲೆ ಹೋಗುತ್ತಿತ್ತು. ಕಳ್ಳನಿಗೂ ಇಂಥ ಎಚ್ಚರವಿರಲಾರದು. ಕಳ್ಳ ತಂದದ್ದು ಅವನಿಗೆ ಸುಖವನ್ನಾದರೂ ಕೊಡುತ್ತದೆ.

ಮೊದಲ ಸಲ ಹಯಾತ್ ಕಿವಿಯ ಮಾತೆತ್ತಿದಾಗ ನಕ್ಕೇ ಹೇಳಿದ್ದ, ಒಂದು ಜೀರುಂಡೆ ಒಳಗೆ ಮನೆ ಮಾಡಿದೆಯೆಂದು. ಗುಳಿಗೆ ನಿಲ್ಲಿಸು ಎಂದು ಶಂಕ್ರಪ್ಪ ಅಂದೇ ಹೇಳಬಹುದಿತ್ತು. ಆದರೆ ಯಾಕೆ ಎಂದು ಅವನು ಕೇಳುತ್ತಿದ್ದ. ನಿಲ್ಲಿಸಿದರೆ ಜ್ವರ ತಿರುಗಿ ಬರುತ್ತಿತ್ತು. ಬಂದ ಜ್ವರಕ್ಕೆ ಮತ್ತೆ ಇದೇ ಗುಳಿಗೆ. ಹೀಗೆ ಪ್ರತಿ ದಾರಿಯೂ ಸುತ್ತಿ ಬಂದು ಆ ಪರದೆಯ ಮುಂದೆಯೇ ನಿಲ್ಲುತ್ತಿತ್ತು. ಅಲ್ಲಿ ಹೇಳಬೇಕಾಗಿದ್ದ ಒಂದು ವಾಕ್ಯ ಇನ್ನೂ ಹೇಳಿಸಿಕೊಳ್ಳದೆ ಕಾದಿತ್ತು.

ಮೋಟಾರ್ ಆಫೀಸಿನ ಬೆಂಚು ಆಗಲೇ ತುಂಬಿತ್ತು. ಹುಲೇಕಲ್ಲಿನ ತಿಮ್ಮಣ್ಣ ಹೆಗಡೆಯವರು ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಎಲೆಯಡಿಕೆಯ ಕವಳ ಹಾಕುತ್ತಿದ್ದರು. "ಬಂದ ಕಾಣು ಜರ್ಮನಿ ಸಾಹೇಬ," ಎಂದರು. "ಇವತ್ತು ಎಂತ ಕಂಡುಹಿಡದ್ವಡಾ? ಹೆಂಡ್ತಿ ಬೈದದ್ದು ಕೇಳದ ಹಾಂಗೆ ಮಾಡೋ ಯಂತ್ರ ಎಂತಾದ್ರೂ ಬಂಜಾ?"

"ಬಂದ್ರೆ ಮೊದಲು ನಿಮ್ಮನೆಗೇ ಕಳಿಸ್ತಾರೆ ಹೆಗಡೇರೇ," ಎಂದರು ಒಳಗಿನಿಂದ ಚಾಂದ್ ಪಾಷಾ. ಗಡ್ಡಕ್ಕೆ ಮೆಹಂದಿ ಹಚ್ಚಿದ ಆ ಮುದುಕರು ಟಿಕೆಟಿನ ಕಿಟಕಿಯ ಹಿಂದೆ ಕುಳಿತೇ ಹೊರಗಿನ ಎಲ್ಲ ಮಾತಿಗೂ ಪಾಲುದಾರರು. ಶಂಕ್ರಪ್ಪ ನಗಲು ಪ್ರಯತ್ನಿಸಿದ. ಆಗ ಬೆಂಚಿನ ಇನ್ನೊಂದು ತುದಿಯಲ್ಲಿ, ಸಾಧಾರಣವಾಗಿ ಅಲ್ಲಿ ಕೂರದವರೊಬ್ಬರು ಕೂತಿರುವುದು ಕಂಡಿತು: ವಕೀಲ ಶಾಂತಾರಾಮರಾಯರು, ತಾಲೂಕು ಬೋರ್ಡಿನ ಮೆಂಬರರು. ಅವರ ಬಾಡಿಗೆಯ ಕಾರು ಬೇವಿನ ಮರದ ಕೆಳಗೆ ನಿಂತಿತ್ತು.

"ನಿಮಗಾಗಿಯೇ ಕಾಯ್ತಿದ್ದೆ," ಎಂದರು ರಾಯರು. "ನಿಮಗೆ ಸಂತೋಷದ ಸುದ್ದಿ. ಆ ಹಳದಿ ಗುಳಿಗೆ ಬರ್ತಾ ಇದೆ."

ಶಂಕ್ರಪ್ಪನಿಗೆ ಅರ್ಥವಾಗಲಿಲ್ಲ.

"ಸರಕಾರದವರು ಪರೀಕ್ಷೆಗಾಗಿ ಒಂದು ತಾಲೂಕಿಗೆ ಪುಕ್ಕಟೆ ಕೊಡ್ತಾರಂತೆ. ಮೋಟಾರಿನವರಿಗೆ, ಜಂಗಲ್ ಕೂಲಿಗಳಿಗೆ ಮೊದಲು. ನಮ್ಮ ತಾಲೂಕು ತಗೊಳ್ಳುತ್ತದೋ ಇಲ್ಲವೋ ಅಂತ ಇವತ್ತಿನ ಸಭೆಯಲ್ಲಿ ನಾನು ಹೇಳಬೇಕು. ಇಲ್ಲಿ ಒಬ್ಬನಿಗೆ ನೀವು ಆಗಲೇ ಕೊಟ್ಟು ಗುಣಪಡಿಸಿದ್ದೀರಿ ಅಂತ ಕೇಳಿದೆ. ಅವನನ್ನು ಒಂದು ಮಾತು ಕೇಳಿಕೊಂಡೇ ಹೋಗೋಣ ಅಂತ ಬಂದೆ." ಅವರು ಅವನ ಕಡೆ ಗೌರವದಿಂದಲೇ ನೋಡಿದರು. "ನೀವು ಎಲ್ಲಿಂದ ತರಿಸಿದ್ದು?"

ಬೆಂಚು ಅವನ ಉತ್ತರಕ್ಕೆ ಕಾದಿತ್ತು. ಇಷ್ಟು ವರ್ಷ ಪೇಪರಿನಲ್ಲಿ ಹುಡುಕಿ ಹುಡುಕಿ ಓದಿದ ಪ್ರಪಂಚವೊಂದು ಕೊನೆಗೂ ತನ್ನ ಊರಿನ ದಾರಿ ಹಿಡಿದಿದೆ, ಮತ್ತು ಅದು ಬಂದು ತಲುಪುವ ಹೊತ್ತಿಗೆ ಅದರ ಜಾಗದಲ್ಲಿ ತನ್ನ ಹೆಂಡತಿ ಕಟ್ಟಿದ ಅರಿಸಿನದ ಉಂಡೆ ಕೂತಿದೆ. ಈಗಲೇ. ಹಯಾತ್ ಬರುವ ಮೊದಲು, ಇವರಿಗೆ ಮಾತ್ರ. ಅವನು ಬಾಯಿ ತೆರೆದ.

"ಮುಂಬಯಿಯಿಂದ," ಎಂದಿತು ಬಾಯಿ.

ಬಸ್ಸಿನ ಹಾರ್ನು ದೂರದಿಂದಲೇ ಕೇಳಿಸಿತು. ಬೇಕಾದುದಕ್ಕಿಂತ ಹೆಚ್ಚು ಸಲ, ಬೇಕಾದುದಕ್ಕಿಂತ ಜೋರಾಗಿ. ತನಗೆ ಕೇಳದವನು ಇತರರಿಗೂ ಕೇಳದೆಂದು ಹೆದರುವ ರೀತಿ ಅದು. ಬಸ್ಸು ಧೂಳಿನೊಂದಿಗೆ ಬಂದು ನಿಂತಿತು. ಹಯಾತ್ ಇಳಿದು, ಎಂದಿನಂತೆ ಮೊದಲು ಪೇಪರನ್ನು ಶಂಕ್ರಪ್ಪನ ಕೈಗಿತ್ತು, ಆಮೇಲೆ ಎಂದಿನಂತೆ ಬಾನೆಟ್ಟಿನ ಕಡೆ ಹೋಗದೆ ನೇರವಾಗಿ ಟಿಕೆಟಿನ ಕಿಟಕಿಗೆ ಹೋದ. ಖಾಕಿ ಕೋಟಿನ ಎದೆಯಿಂದ ಡ್ರೈವರನ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟ. ಅದಿದ್ದ ಜಾಗದಲ್ಲಿ ಕೋಟಿನ ಬಟ್ಟೆ ಬಣ್ಣಗೆಡದೆ ಬಿಲ್ಲೆಯ ಆಕಾರದಲ್ಲಿಯೇ ಉಳಿದಿತ್ತು.

"ಇದೇನೋ?" ಎಂದರು ಚಾಂದ್ ಪಾಷಾ.

"ಇನ್ನು ಸಾಕು ಸಾಹೇಬ್ರೆ. ನಾಳೆಯಿಂದ ಮಕ್ಬೂಲ್ ನಡೆಸ್ಲಿ." ಅವನು ಬೆಂಚಿನ ಕಡೆ ತಿರುಗಿದ. ಸ್ವಂತ ದನಿಯ ಅಳತೆ ತಪ್ಪಿದವರಂತೆ ಜೋರಾಗಿ ಮಾತಾಡುತ್ತಿದ್ದ. "ನಿನ್ನೆ ಮಂಚೀಕೇರಿ ಹತ್ರ ತಿರುವಲ್ಲಿ ಎದುರಿಗೆ ಎತ್ತಿನ ಗಾಡಿ. ಅಷ್ಟು ದೊಡ್ಡ ಗಂಟೆ ಕಟ್ಟಿದಾನೆ ಮಾರಾಯ, ಹಿಂದೆ ಕೂತ ಪ್ಯಾಸೆಂಜರಿಗೆಲ್ಲ ಕೇಳಿದೆ, ನಂಗೆ ಕೇಳಿಲ್ಲ. ಎತ್ತಿನ ಮೂಗು ಕಂಡ ಮೇಲೆ ಬ್ರೇಕ್ ಹಾಕಿದ್ದು. ಗಾಡೀಲಿ ಬಾಣಂತಿ ಕೂತಿದ್ಲು, ಮಗು ಸಮೇತ. ಅವಳು ಬೈದಿದ್ದೂ ನಂಗೆ ಕೇಳಿಲ್ಲ. ಬಾಯಿ ಆಡೋದಷ್ಟೇ ಕಂಡ್ತು." ಅವನು ನಗಲು ನೋಡಿದ. "ಬೈಗುಳ ಕೇಳದವ ಡ್ರೈವರಾಗಬಾರ್ದು."

ಚಾಂದ್ ಪಾಷಾ ಬಿಲ್ಲೆಯನ್ನು ಮುಟ್ಟಲಿಲ್ಲ. "ಸಕೀನಾಗೆ ಹೇಳಿದೀಯಾ?"

"ಏನು?"

"ಸಕೀನಾಗೆ!"

"ಹೇಳಿದೆ. ಅತ್ತಳು. ಗಾಡಿ ತೊಳೆಯೋ ಕೆಲಸ ಇದ್ರೆ ಕೊಡಿ ಸಾಹೇಬ್ರೆ. ಅದಕ್ಕೆ ಕಿವಿ ಬ್ಯಾಡ."

ಶಾಂತಾರಾಮರಾಯರು ಎದ್ದು ಬಂದು ಹಯಾತನ ಎದುರು ನಿಂತು ಒಂದೊಂದೇ ಮಾತನ್ನು ಬಿಡಿಸಿ ಕೇಳಿದರು. ಗುಳಿಗೆ ತಿಂದದ್ದು ನಿಜವೇ? ನಿಜ. ಜ್ವರ ಹೋಯಿತೇ? ಹೋಯಿತು, ತಿರುಗಿ ಬಂದಿಲ್ಲ. ಕಿವಿ ಮೊದಲು ಸರಿಯಾಗಿತ್ತೇ? ಯಲ್ಲಾಪುರದ ಸ್ಟ್ಯಾಂಡಿನಲ್ಲಿ ಯಾರು ಸೀನಿದರು ಎಂದು ಗಾಡಿಯಲ್ಲಿ ಕೂತೇ ಹೇಳುತ್ತಿದ್ದ. ಮೊರೆತ ಎಂದಿನಿಂದ? ಜ್ವರ ಬಿಟ್ಟಂದಿನಿಂದ. ಅಂದರೆ ಗುಳಿಗೆ ಹಿಡಿದಂದಿನಿಂದ, ಎಂದರು ರಾಯರು.

"ಅಲ್ಲ ರಾಯರೇ!" ಹಯಾತ್ ಎರಡೂ ಕೈ ಎತ್ತಿದ. "ಗುಳಿಗೆಯದು ತಪ್ಪಿಲ್ಲ. ಅದು ಕಿವಿ ಮುಟ್ಟೋದಿಲ್ಲ, ಪೇಪರಲ್ಲಿ ಬರೆದದೆ. ಶಂಕ್ರಪ್ಪಣ್ಣ ಎರಡು ಸಲ ಓದಿದಾರೆ, ನಾನೇ ಓದಿಸಿದ್ದು. ಜ್ವರಾನೇ ನನ್ನ ಕಿವಿ ತಿಂದು ಹೋಗ್ಯದೆ. ಗುಳಿಗೆ ಇಲ್ದಿದ್ರೆ ನಾನು ಇವತ್ತು ನಿಮ್ಮ ಮುಂದೆ ನಿಲ್ತಿರಲಿಲ್ಲ. ಖುದಾನಾಣೆ. ಕೇಳ್ರಿ ಬೇಕಾದ್ರೆ. ಹೇಳ್ರಿ ಅಣ್ಣಾ."

ಎಲ್ಲರೂ ಶಂಕ್ರಪ್ಪನ ಕಡೆ ತಿರುಗಿದರು. ಮಡಿಸಿದ ಪೇಪರು ಅವನ ಕೈಯಲ್ಲಿ ಬೆವರಿಗೆ ಮೆತ್ತಗಾಗುತ್ತಿತ್ತು. ಅಂದು ಕಣಜದ ಒಳಗೆ ಹೊಟ್ಟು ಮೂಗಿಗೆ ಹೋಗಿ ಸೀನು ಬರುತ್ತಿತ್ತು. ಹೊರಗೆ ಅಜ್ಜಿ ಸರಕಾರಿ ಮನುಷ್ಯನಿಗೆ ನೀರು ಬೆಲ್ಲ ಕೊಟ್ಟು ನಗುನಗುತ್ತಾ ಸುಳ್ಳು ಹೇಳುತ್ತಿದ್ದಳು. ಸೀನಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಮೂಗು ಹಿಡಿದು ಕುಳಿತಿದ್ದ. ಎಷ್ಟು ಚೆನ್ನಾಗಿ ಹಿಡಿದಿದ್ದ!

"ಪೇಪರಿನ್ಯಾಗ ಹಂಗ ಬಂದಿತ್ತು," ಎಂದ ಶಂಕ್ರಪ್ಪ. ಅದು ನಿಜವಾಗಿತ್ತು. ಅದರಷ್ಟು ನೀಚವಾದ ನಿಜವನ್ನು ತಾನು ಎಂದೂ ನುಡಿದಿಲ್ಲವೆಂದು ಅವನಿಗೆ ಅನ್ನಿಸಿತು.

"ಬಂದಿರಬಹುದು," ಎಂದರು ರಾಯರು, ಬೇಸರದಿಂದ, ಆದರೆ ಒರಟಾಗಿ ಅಲ್ಲ. "ಪೇಪರು ಒಂದು ಹೇಳುತ್ತದೆ, ಕಣ್ಣೆದುರಿನ ಮನುಷ್ಯ ಇನ್ನೊಂದು. ನಾನು ಮನುಷ್ಯನನ್ನೇ ನಂಬಬೇಕಾಗುತ್ತದೆ. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಹೋಗುವವರಿಗೆ ಇದನ್ನು ಕೊಡಿ ಅಂತ ನಾನು ಹೇಗೆ ಹೇಳಲಿ? ನಮ್ಮ ತಾಲೂಕಿಗೆ ಬೇಡ ಅಂತಲೇ ಹೇಳ್ತೇನೆ. ಬೇರೆಯವರು ನೋಡಲಿ ಮೊದಲು."

"ಅದೇ ಸರಿ," ಎಂದರು ಹೆಗಡೆಯವರು. "ಆನಂತೂ ನುಂಗ್ತ್ನಿಲ್ಲೆ ಮಾರಾಯ."

ರಾಯರು ಕಾರಿನ ಕಡೆ ನಡೆದರು. ಅವರ ಚಪ್ಪಲಿಗಳು ಧೂಳಿನಲ್ಲಿ ಮೂಡಿಸುತ್ತಿದ್ದ ಗುರುತುಗಳನ್ನು ಶಂಕ್ರಪ್ಪ ನೋಡಿದ. ಕಾರಿನವನು ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ. ಎಂಜಿನ್ನು ಹಿಡಿಯದೆ ಕೆಮ್ಮುತ್ತಿತ್ತು. ಇನ್ನೂ ಹೊತ್ತಿತ್ತು. ಹಯಾತನಿಗೆ ಹೇಳಿದರೆ ಸಾಕು. ಉಳಿದದ್ದನ್ನು ಹಯಾತನೇ ಮಾಡುತ್ತಾನೆ, ಓಡಿ ಹೋಗಿ ಕಾರನ್ನು ನಿಲ್ಲಿಸುತ್ತಾನೆ, ಬಿಲ್ಲೆಯನ್ನು ಕಟ್ಟೆಯಿಂದ ಎತ್ತಿಕೊಳ್ಳುತ್ತಾನೆ. ಬೈದರೂ ಬೈಯುತ್ತಾನೆ. ಶಂಕ್ರಪ್ಪ ಎದ್ದು ಅವನ ಪಕ್ಕಕ್ಕೆ ಹೋಗಿ, ಬೆಂಚಿಗೆ ಬೆನ್ನು ಮಾಡಿ, ಅವನ ಭುಜದ ಹತ್ತಿರ ಬಾಯಿ ತಂದು ಹೇಳಿದ. ಹೇಳಿಯೇಬಿಟ್ಟ.

"ಹಯಾತ್, ಅದು ಕ್ವಿನೈನ್. ನಾನ ಅರಿಸಿನ ಹಚ್ಚಿ ಕೊಟ್ಟೆ. ಅದನ್ನ ನುಂಗೂದು ಬಿಟ್ಟಿ ಅಂದ್ರ ಕಿವಿ ಮೊದಲಿನಂಗ ಆಗ್ತಾವ."

ತನ್ನ ದನಿಯನ್ನು ಅವನು ತಾನೇ ಕೇಳಿಸಿಕೊಂಡ. ಎದೆಯಿಂದ ಏನೋ ಇಳಿದಂತಾಗಿ, ಇಷ್ಟೇ ಇತ್ತೇ ಇದು ಎಂದು ಬೆರಗಾಯಿತು.

ಹಯಾತ್ ಅವನ ಮುಖವನ್ನೇ, ತುಟಿಗಳನ್ನೇ ನೋಡುತ್ತಿದ್ದ. ಹಣೆಯಲ್ಲಿ ಶ್ರಮದ ಗೆರೆ ಮೂಡಿತು. ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ಬಾಗಿದ.

"ಕೇಳಿಲ್ಲ ಅಣ್ಣಾ. ಜೋರಾಗಿ ಹೇಳ್ರಿ."

ಹೆಗಡೆಯವರು ಕವಳ ಅಗಿಯುವುದನ್ನು ನಿಲ್ಲಿಸಿದರು. ಕಿಟಕಿಯ ಹಿಂದೆ ಚಾಂದ್ ಪಾಷಾ ತಲೆ ಎತ್ತಿದರು. ಕಾರಿನ ಪಾವಟಿಗೆಯ ಮೇಲೆ ಒಂದು ಕಾಲಿಟ್ಟಿದ್ದ ಶಾಂತಾರಾಮರಾಯರೂ ತಿರುಗಿ ನೋಡಿದರು. ಕಿವಿ ಕೇಳದವನೊಬ್ಬನಿಗಾಗಿ ಇಡೀ ಪೇಟೆ ತನ್ನ ಕಿವಿಯನ್ನು ಅವನ ಕಡೆ ಚಾಚಿದಂತಿತ್ತು. ಎಂದೂ ಅವನ ದನಿಗೆ ಇಷ್ಟು ಒಳ್ಳೆಯ ಮೌನ ದೊರೆತಿರಲಿಲ್ಲ.

"ಕುಂದ್ರು ಅಂದೆ," ಎಂದು ಶಂಕ್ರಪ್ಪ ಗಟ್ಟಿಯಾಗಿ ಹೇಳಿದ. "ಬಿಸಿಲಾಗ ಬಂದೀಯಲ್ಲ, ಕುಂದ್ರು."

"ಓ, ಹಂಗೋ." ಹಯಾತ್ ನಕ್ಕು, ಅವನ ತೋಳು ಹಿಡಿದು ಬೆಂಚಿಗೆ ಬಂದು ಕೂತ. ಎಂಜಿನ್ನು ಹಿಡಿಯಿತು. ಕಾರು ದವಾಖಾನೆಯ ಮುಂದಿನಿಂದ ತಿರುಗಿ ಬೋರ್ಡಿನ ಕಚೇರಿಯ ಕಡೆ ಹೋಯಿತು. ಅದೆಬ್ಬಿಸಿದ ಧೂಳು ತೋಳು ಬಿಚ್ಚಿ ನಿಂತ ಮಕ್ಕಳ ಮೇಲೆ ಇಳಿಯುವವರೆಗೂ ಶಂಕ್ರಪ್ಪ ಅತ್ತಲೇ ನೋಡಿದ. ಪಕ್ಕದಲ್ಲಿ ಹಯಾತ್ ಎಂದಿನಂತೆ ಅಂಗೈ ಚಾಚಿದ್ದ. "ಈ ವಾರದ್ದು ತಂದೀರೇನ್ರಿ ಅಣ್ಣಾ? ಮನೇಲಿ ನಿನ್ನೆಗೆ ಮುಗೀತು. ಸಕೀನಾ ಒಂದು ದಿನಾನೂ ತಪ್ಪಿಸೋದಿಲ್ಲ."

ಇಲ್ಲ ಎಂದರೆ ಆಗುತ್ತಿತ್ತು. ಪೊಟ್ಟಣ ತಾನಾಗಿ ಹೊರಗೆ ಬಂತು. ಅಥವಾ ಅವನ ಕೈಗೆ ಇಷ್ಟು ದಿನದ ರೂಢಿ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಹಯಾತ್ ಅದನ್ನು ಬಿಚ್ಚಿ, ಒಂದನ್ನು ಅಲ್ಲಿಯೇ ಬಾಯಿಗೆ ಹಾಕಿ, ಚಾಂದ್ ಪಾಷಾ ಕಿಟಕಿಯಿಂದ ನೀಡಿದ ನೀರು ಕುಡಿದ. ಮುಖ ಸಿಂಡರಿಸಿದ. ಬೆರಳ ತುದಿಗೆ ಅಂಟಿದ ಹಳದಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒರೆಸಿದ ಜಾಗವನ್ನು ಒಂದು ಕ್ಷಣ ನೋಡಿ, ತಲೆ ಎತ್ತಿದ.

"ಓದ್ರಿ ಅಣ್ಣಾ. ಎಲ್ಲಾರ್ದೂ ದನಿ ದೂರ ಹೋಗ್ಯದೆ, ನೀವು ಪೇಪರ್ ಓದೋದು ಒಂದು ನಂಗೆ ಚಲೋ ಕೇಳ್ತದೆ."

ಶಂಕ್ರಪ್ಪ ಪೇಪರು ಬಿಡಿಸಿದ. ಬೆವರಿಗೆ ಮೆತ್ತಗಾಗಿದ್ದ ಮಡಿಕೆಯಲ್ಲಿ ಅಕ್ಷರಗಳು ಕಲಸಿಹೋಗಿದ್ದವು. ಅಲ್ಲಿ ಏನಿದ್ದಿತೆಂದು ಯಾರೂ ಹೇಳುವಂತಿರಲಿಲ್ಲ. ಏನನ್ನು ಬೇಕಾದರೂ ಓದಬಹುದಿತ್ತು. ಶಿರಸಿಯ ಒಬ್ಬ ಎಣ್ಣೆ ವ್ಯಾಪಾರಿಯು ತನ್ನ ಸ್ನೇಹಿತನಿಗೆ ಕೊಟ್ಟದ್ದು ಕ್ವಿನೈನ್ ಎಂದು ತಿಳಿದುಬಂದಿದೆ. ಆ ವಾಕ್ಯ ಕರ್ತೃ ಕರ್ಮ ಕ್ರಿಯಾಪದಗಳೊಡನೆ, ಅಚ್ಚಿನ ಮನೆಯಿಂದ ಈಗತಾನೇ ಬಂದಂತೆ, ಅವನ ನಾಲಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತು. ಓದುವ ದನಿಯಲ್ಲಿ ಹೇಳಿದರೆ ಹಯಾತನಿಗೆ ಕೇಳುತ್ತದೆ. ಅವನು ಉಸಿರು ತುಂಬಿಕೊಂಡ.

"ಲಂಡನ್," ಎಂದು ಓದಿದ. ಕೆಳಗಿನ ಸಾಲು ಕೆಡದೆ ಉಳಿದಿತ್ತು. "ದೂರದಲ್ಲಿ ನಡೆಯುವುದನ್ನು ನಡೆದಂತೆಯೇ ಮನೆಯಲ್ಲಿ ಕುಳಿತು ಕಾಣುವ ಯಂತ್ರವು ಇಲ್ಲಿ ಸಿದ್ಧವಾಗಿದ್ದು..."

"ಕೇಳ್ತದೆ," ಎಂದ ಹಯಾತ್, ಕಣ್ಣು ಮುಚ್ಚಿ ಗೋಡೆಗೊರಗಿ. "ಒಂದಕ್ಷರಾನೂ ತಪ್ಪದೆ ಕೇಳ್ತದೆ. ಮುಂದೆ ಓದ್ರಿ."

ಶಂಕ್ರಪ್ಪ ಮುಂದೆ ಓದಿದ.